ಕರಿಘಟ್ಟದಿಂದ ಮೇಲುಕೋಟೆಗೆ: ಎರಡು ಸೈಕಲ್ಲು, ಎರಡು ಬಗೆಯ ಬ್ರೇಕು

ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಶ್ರೀರಂಗಪಟ್ಟಣದ ಮೇಲೆ ಮಂಜು ಇನ್ನೂ ಹರಡಿಕೊಂಡೇ ಇತ್ತು. ಕರಿಘಟ್ಟದ ಶ್ರೀನಿವಾಸನ ಗುಡಿಯ ಮುಂದೆ ಎರಡು ಸೈಕಲ್ಲುಗಳು ನಿಂತಿದ್ದವು. ಒಂದು, ಮೂವತ್ತು ವರ್ಷಗಳಿಂದ ಮನೆಯ ಸಾಮಾನು ಹೊತ್ತ ಕಪ್ಪು ಸೈಕಲ್ಲು. ಹ್ಯಾಂಡಲಿನಿಂದ ಚಕ್ರದವರೆಗೆ ಕಬ್ಬಿಣದ ಕಂಬಿಯೇ ಇಳಿದುಬರುವ ಹಳೆಯ ಬ್ರೇಕು ಅದಕ್ಕೆ. ಇನ್ನೊಂದು ದಪ್ಪ ಟಯರಿನ, ಗೇರಿನ ಬೆಟ್ಟದ ಸೈಕಲ್ಲು. ಅದರ ಚಕ್ರಗಳ ನಡುವೆ ತೂತು ತೂತಾದ ಉಕ್ಕಿನ ತಟ್ಟೆಗಳು ಮಿಂಚುತ್ತಿದ್ದವು. ಮೊದಲನೆಯದು ತಂದೆಯದು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಎರಡನೆಯದು ಮಗನದು, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದದ್ದಕ್ಕೆ ಸಿಕ್ಕ ಬಹುಮಾನ. ಎರಡು ದಿನದಲ್ಲಿ ನಾಲ್ಕು ತಾಲ್ಲೂಕು ಸುತ್ತಿ ಬರುವುದೆಂದು ಇಬ್ಬರೂ ಹೊರಟಿದ್ದರು.

ಬೆಟ್ಟದ ಮೇಲಿನಿಂದ ಕೆಳಗೆ ನೋಡಿದರೆ ಕಾವೇರಿ, ಅದನ್ನು ಸೇರಲು ಬರುವ ಲೋಕಪಾವನಿ, ಗದ್ದೆ, ತೆಂಗು, ದ್ವೀಪದ ಊರು. 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಕೋಟೆ ಇಲ್ಲಿಂದ ಒಂದು ಗೀಟಿನಂತೆ ಕಾಣುತ್ತದೆ. ನೋಡುವಷ್ಟು ನೋಡಿ ಇಬ್ಬರೂ ಇಳಿಯತೊಡಗಿದರು. ಇಬ್ಬನಿಗೆ ರಿಮ್ಮು ಒದ್ದೆಯಾಗಿದ್ದರಿಂದ ತಂದೆಯ ಬ್ರೇಕು ಕಿರ್ರನೆ ಕೂಗಿತೇ ಹೊರತು ಹಿಡಿಯಲಿಲ್ಲ. ಮೊದಲ ತಿರುವಿನಲ್ಲೇ ಅವರು ಇಳಿದು ಸೈಕಲ್ಲು ತಳ್ಳಿಕೊಂಡು ನಡೆದರು. ಮಗ ಒಂದೇ ಬೆರಳಿನಲ್ಲಿ ಲಿವರ್ ಒತ್ತಿ, ಬೇಕಾದಲ್ಲಿ ನಿಂತು, ಬೇಕಾದಲ್ಲಿ ಹೊರಟು, ಬುಡದಲ್ಲಿ ಕಾದು ಕುಳಿತಿದ್ದ. ಆ ಹೊತ್ತಿಗೆ ಗೆಲುವು ಹೊಸ ಬ್ರೇಕಿನದೇ.

ಕನ್ನಂಬಾಡಿಯ ಬುಡಕ್ಕಿಂತ ಹೆಚ್ಚು ಒತ್ತಡ

ಹೊಸ ಬ್ರೇಕಿನಲ್ಲಿ ಕಂಬಿಯೂ ಇಲ್ಲ, ತಂತಿಯೂ ಇಲ್ಲ. ಲಿವರಿನ ಒಳಗೆ ಒಂದು ಸಣ್ಣ ಪಿಸ್ಟನ್, ಚಕ್ರದ ಬಳಿ ಎರಡು ದೊಡ್ಡ ಪಿಸ್ಟನ್, ನಡುವೆ ಎಣ್ಣೆ ತುಂಬಿದ ತೆಳು ಕೊಳವೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ ನಿಯಮ ಹೈಸ್ಕೂಲಿನ ಪುಸ್ತಕದಲ್ಲೇ ಇದೆ. ಬೆರಳು ಹಾಕುವ ಬಲ 10 ಕಿಲೋ ಎಂದಿಟ್ಟುಕೊಳ್ಳಿ. ಲಿವರ್ ಅದನ್ನು ಐದು ಪಟ್ಟು ಮಾಡಿ 50 ಕಿಲೋ ಮಾಡುತ್ತದೆ. ಸಣ್ಣ ಪಿಸ್ಟನ್ನಿನ ವ್ಯಾಸ 1 ಸೆಂಟಿಮೀಟರ್ ಆದರೆ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 64 ಕಿಲೋ. ಚಕ್ರದ ಬಳಿಯ ಪಿಸ್ಟನ್ನಿನ ವ್ಯಾಸ 2.2 ಸೆಂಟಿಮೀಟರ್ ಆದರೆ, ತಟ್ಟೆಯನ್ನು ಎರಡೂ ಕಡೆಯಿಂದ ಒತ್ತುವ ಬಲ ತಲಾ 240 ಕಿಲೋ ದಾಟುತ್ತದೆ.

ಈ 64 ಎಷ್ಟು ದೊಡ್ಡದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಕನ್ನಂಬಾಡಿ ಕಟ್ಟೆಯಿದೆ. ಅದು ತುಂಬಿದಾಗ ನೀರಿನ ಮಟ್ಟ 124.80 ಅಡಿ ಎಂಬುದು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಅಂದರೆ ಸುಮಾರು 38 ಮೀಟರ್. ಅಷ್ಟು ನೀರಿನ ತಳದಲ್ಲಿ ನೀರು ಹಾಕುವ ಒತ್ತಡ ಚದರ ಸೆಂಟಿಮೀಟರಿಗೆ 3.8 ಕಿಲೋ ಮಾತ್ರ. ಸೈಕಲ್ಲಿನ ಆ ತೆಳು ಕೊಳವೆಯೊಳಗೆ, ಗಟ್ಟಿಯಾಗಿ ಬ್ರೇಕು ಹಿಡಿದ ಕ್ಷಣದಲ್ಲಿ, ಅದರ ಹದಿನೇಳು ಪಟ್ಟು ಒತ್ತಡವಿರುತ್ತದೆ. ಅದನ್ನು ತಡೆದು ನಿಂತಿರುವುದು ಬೆರಳಿನುಂಗುರದಷ್ಟು ಅಗಲದ ರಬ್ಬರ್ ಸೀಲು.

ಪಾಂಡವಪುರದ ರೈಲು

ಕಬ್ಬು ಕಡಿಯುವ ಕಾಲ. ಪಾಂಡವಪುರದ ದಾರಿಯುದ್ದಕ್ಕೂ ಟಯರ್ ಗಾಡಿಗಳು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಹಿಂದೆ ಹಿರೋಡೆ ಎನಿಸಿದ್ದ ಈ ಊರಿಗೆ, ಹೈದರ್ ಮತ್ತು ಟಿಪ್ಪುವಿನ ಕಡೆ ಇದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. ಕುಂತಿ ಬೆಟ್ಟದ ಬಂಡೆಗಳನ್ನು ನೋಡಿದರೆ ಆ ಹೆಸರಿನ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ.

ಊರಿಗೆ ಹೋಗುವ ಮುನ್ನ ತಂದೆ ಮಗ ರೈಲು ನಿಲ್ದಾಣದ ಬಳಿ ಚಹಾ ಕುಡಿಯಲು ನಿಂತರು. ಮೈಸೂರಿನ ಕಡೆಯ ಗಾಡಿಯೊಂದು ಬಂದು, ಬುಸ್ಸೆಂದು ಗಾಳಿ ಬಿಟ್ಟು ನಿಂತಿತು. ಫಿಟ್ಟರ್ ಆಗಿದ್ದ ತಂದೆಗೆ ಆ ಸದ್ದು ಹಳೆಯ ಪರಿಚಯ.

ಆ ಸದ್ದಿನ ಹಿಂದೆ ಒಂದು ಕಥೆಯಿದೆ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಗಾಳಿಯ ಬ್ರೇಕು ಮಾಡಿದ. ಎಂಜಿನ್ನಿನಿಂದ ಒತ್ತಿದ ಗಾಳಿ ಕೊಳವೆಯ ಮೂಲಕ ಹೋಗಿ ಪ್ರತಿ ಬೋಗಿಯ ಬ್ರೇಕನ್ನು ಒತ್ತುತ್ತಿತ್ತು. ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ದಾರಿಯಲ್ಲಿ ಕೊಳವೆ ಒಡೆದರೆ, ಅಥವಾ ಬೋಗಿಗಳು ಕಳಚಿಕೊಂಡರೆ, ಗಾಳಿಯೂ ಹೋಯಿತು, ಬ್ರೇಕೂ ಹೋಯಿತು. ಬ್ರೇಕು ತೀರಾ ಬೇಕಾದ ಗಳಿಗೆಯಲ್ಲೇ ಅದು ಕೈಕೊಡುತ್ತಿತ್ತು. 1872ರಲ್ಲಿ ಅವನು ಲೆಕ್ಕವನ್ನು ತಿರುಗಿಸಿ ಹಾಕಿದ. ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ, ಬೋಗಿಯಲ್ಲೇ ಕೂಡಿಟ್ಟ ಗಾಳಿಯಿಂದ ಬ್ರೇಕು ಹಿಡಿಯುತ್ತದೆ. ಇಂದಿನ ನಮ್ಮ ರೈಲುಗಳಲ್ಲೂ ತತ್ತ್ವ ಅದೇ. ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡವಿದ್ದರೆ ಗಾಡಿ ಓಡುತ್ತದೆ. ಕೊಳವೆ ಹರಿದರೆ ಗಾಡಿ ತಾನಾಗಿ ನಿಲ್ಲುತ್ತದೆ.

ಯಾವುದೇ ಯಂತ್ರದ ವಿನ್ಯಾಸಕ್ಕೆ ಎರಡು ಪ್ರಶ್ನೆಗಳಿವೆ. ಸರಿಯಿದ್ದಾಗ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ? ಕೆಟ್ಟಾಗ ಏನಾಗುತ್ತದೆ? ಮೊದಲ ಪ್ರಶ್ನೆಯಲ್ಲಿ ಎಣ್ಣೆಯ ಬ್ರೇಕಿಗೆ ನೂರಕ್ಕೆ ತೊಂಬತ್ತು ಅಂಕ ಕೊಡಬಹುದು. ಎರಡನೆಯದರಲ್ಲಿ ಅದು 1869ರ ರೈಲಿನ ಜೊತೆಗೇ ಕೂರುತ್ತದೆ. ಸೈಕಲ್ಲಿಗೆ ರೈಲಿನ ಉಪಾಯ ಒಗ್ಗುವುದಿಲ್ಲ. ಓಡುವಾಗ ಮುಂದಿನ ಚಕ್ರ ತಾನಾಗಿ ಬಿಗಿದು ನಿಂತರೆ ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಆದ್ದರಿಂದ ಸೈಕಲ್ಲಿಗೆ ಬೇರೊಂದು ಉಪಾಯ: ಹಿಂದಕ್ಕೊಂದು, ಮುಂದಕ್ಕೊಂದು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕು. ಒಂದು ಸತ್ತರೆ ಇನ್ನೊಂದು ಉಳಿಯಲಿ ಎಂದು.

ಕೃಷ್ಣರಾಜಪೇಟೆಯ ಪಂಕ್ಚರ್

ಹಳೆಯ ಕಾಲದ ಅತ್ತಿಕುಪ್ಪೆ, ಇಂದಿನ ಕೃಷ್ಣರಾಜಪೇಟೆ, ಇನ್ನೇನು ಬಂತೆನ್ನುವಾಗ ಮಗನ ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವರು ಎಲ್ಲರೂ ಮಾಡುವಂತೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿದರು. ಆ ಹೊತ್ತಿನಲ್ಲಿ ಹುಡುಗ ಸುಮ್ಮನಿರಲಾರದೆ ಬ್ರೇಕ್ ಲಿವರನ್ನು ನಾಲ್ಕು ಸಲ ಒತ್ತಿದ. ನಡುವೆ ತಟ್ಟೆಯಿಲ್ಲದೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡವು. ಚಕ್ರ ಮತ್ತೆ ಕೂರಿಸಲು ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಬೇಕಾಯಿತು. ಚಕ್ರ ತಿರುಗಿಸಿದಾಗ ತಟ್ಟೆ ಸ್ವಲ್ಪ ಉಜ್ಜಿ ಸದ್ದು ಮಾಡಿತು. ಅಂಗಡಿಯವರು ಎಣ್ಣೆ ಡಬ್ಬಿಗೆ ಕೈ ಹಾಕಿದರು.

"ಅಯ್ಯೋ, ತಟ್ಟೆಗೆ ಎಣ್ಣೆ ಬಿಡ್ಬೇಡಿ ಅಣ್ಣ, ಬ್ರೇಕೇ ಹಿಡಿಯಲ್ಲ" ಎಂದು ಹುಡುಗ ತಡೆದ.

ಅಷ್ಟು ಅವನಿಗೆ ತಿಳಿದಿತ್ತು. ಚೈನಿಗೆ ಎಣ್ಣೆ ಅಮೃತ. ತಟ್ಟೆಗೆ, ಪ್ಯಾಡಿಗೆ ವಿಷ. ಪ್ಯಾಡು ಒಮ್ಮೆ ಎಣ್ಣೆ ಕುಡಿದರೆ ಸಾಮಾನ್ಯವಾಗಿ ಬದಲಾಯಿಸಲೇಬೇಕು. ಅವನಿಗೆ ತಿಳಿಯದೆ ಹೋದದ್ದು ಬೇರೆ. ಲಿವರಿನ ಪಕ್ಕದಲ್ಲಿ ಎಣ್ಣೆಯ ಪುಟ್ಟ ತೊಟ್ಟಿಯೊಂದಿದೆ. ಎಣ್ಣೆ ತುಂಬುವಾಗ ಸರಿಯಾಗಿ ಗಾಳಿ ತೆಗೆಯದಿದ್ದರೆ ಒಂದು ಗುಳ್ಳೆ ಆ ತೊಟ್ಟಿಯ ಮೇಲ್ಭಾಗದಲ್ಲಿ ಉಳಿದಿರುತ್ತದೆ. ಸೈಕಲ್ಲು ನೆಟ್ಟಗಿರುವವರೆಗೆ ಅದರಿಂದ ತೊಂದರೆಯಿಲ್ಲ. ತಲೆಕೆಳಗು ಮಾಡಿದರೆ, ಯಾವಾಗಲೂ ಮೇಲಕ್ಕೇ ಹೋಗುವ ಗುಳ್ಳೆಗೆ ಕೊಳವೆಯ ಬಾಯಿಯೇ ಮೇಲಾಗುತ್ತದೆ. ಆಗಲೇ ಲಿವರನ್ನೂ ಒತ್ತಿ ಬಿಟ್ಟರೆ ಗುಳ್ಳೆಯನ್ನು ಒಳಗೆ ಕರೆದಂತೆ. ನೂರು ವರ್ಷದಿಂದ ಸೈಕಲ್ಲು ರಿಪೇರಿಯಾಗುತ್ತಿರುವ ಭಂಗಿಯೇ ಈ ಬ್ರೇಕಿಗೆ ಒಗ್ಗದು. ಗುಳ್ಳೆ ಉಳಿಯದಂತೆ ತುಂಬಿದ ಒಳ್ಳೆಯ ಬ್ರೇಕು ಇದನ್ನು ತಾಳಿಕೊಳ್ಳುತ್ತದೆ. ಯಾವುದು ಹಾಗೆ ತುಂಬಿದ್ದು, ಯಾವುದು ಅಲ್ಲ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಆ ಸಂಜೆ ನೆಂಟರ ಮನೆಗೆ ಹೋಗುವಾಗ ಹಿಂದಿನ ಲಿವರ್ ಮೆತ್ತಗಾದಂತೆ ಹುಡುಗನಿಗೆ ಅನ್ನಿಸಿತು. ಹೇಳಲಿಲ್ಲ.

ಮೇಲುಕೋಟೆಯ ತಿರುವು

ಭಾನುವಾರ ಬೆಳಿಗ್ಗೆ ಹತ್ತಿರದ ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯ ನೋಡಿ, ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೇಲುಕೋಟೆ ತಲುಪಿದರು. ಕಲ್ಯಾಣಿಯಲ್ಲಿ ಕಾಲು ತೊಳೆದು, ಚೆಲುವನಾರಾಯಣನಿಗೆ ಕೈ ಮುಗಿದು, ಪುಳಿಯೋಗರೆ ತಿಂದು, ನಾಗಮಂಗಲದ ಹೆದ್ದಾರಿ ಸೇರಲು ಜಕ್ಕನಹಳ್ಳಿಯ ಕಡೆ ಇಳಿಯತೊಡಗಿದರು.

ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಸವಾರ, ಸೈಕಲ್ಲು, ಬೆನ್ನಿನ ಚೀಲ ಸೇರಿ 80 ಕಿಲೋ, ಇಳಿಯುವ ಎತ್ತರ 150 ಮೀಟರ್ ಎಂದಿಟ್ಟುಕೊಂಡರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 1,18,000 ಜೂಲ್. ಒಂದೂವರೆ ಲೋಟದಷ್ಟು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ವೇಗ ಏರಬಾರದೆಂದು ಬ್ರೇಕು ಹಿಡಿದೇ ಇಳಿದರೆ ಇದರಲ್ಲಿ ಬಹುಪಾಲು ತಟ್ಟೆಗಳಲ್ಲಿ ಶಾಖವಾಗಬೇಕು. ತಟ್ಟೆಯೋ ಸುಮಾರು ನೂರು ಗ್ರಾಂ ಉಕ್ಕು. ಬೀಸುವ ಗಾಳಿ ಶಾಖವನ್ನು ಒಯ್ಯುತ್ತಿರಬೇಕು, ಇಲ್ಲವಾದರೆ ಅದು ಕೆಂಪಗೆ ಕಾದುಬಿಡುತ್ತದೆ.

ಮೊದಲ ತಿರುವು ಸಲೀಸಾಗಿ ಕಳೆಯಿತು. ಹಿಂದಿನ ಲಿವರ್ ಮೆತ್ತಗಿದ್ದುದರಿಂದ ಹುಡುಗ ಮುಂದಿನದನ್ನೇ ಒಂದೇ ಸಮನೆ ಹಿಡಿದಿದ್ದ. ಎರಡನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಬ್ರೇಕು ಮೊದಲಿನಷ್ಟು ಕಚ್ಚುತ್ತಿರಲಿಲ್ಲ. ಮುಂದೆ ಕಬ್ಬಿನ ಗಾಡಿ. ಹಿಂದಿನ ಲಿವರನ್ನು ಬಲವಾಗಿ ಒತ್ತಿದ. ಅದು ನೇರ ಹ್ಯಾಂಡಲಿಗೆ ಬಂದು ತಾಗಿತು. ಚಕ್ರದಲ್ಲಿ ಏನೂ ಆಗಲಿಲ್ಲ. ಮತ್ತೆ ಒತ್ತಿದ, ಮತ್ತೆ. ನಾಲ್ಕನೆಯ ಸಲಕ್ಕೆ ಸ್ವಲ್ಪ ಹಿಡಿತ ಸಿಕ್ಕಿತು. ಅಷ್ಟರಲ್ಲಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದು, ಕಾಲೂರಿ, ಲಂಟಾನದ ಪೊದೆಗೆ ಒರಗಿ ನಿಂತ. ಮೊಣಕಾಲು ತರಚಿತ್ತು. ಎತ್ತುಗಳು ಒಮ್ಮೆ ತಿರುಗಿ ನೋಡಿ ಮುಂದೆ ನಡೆದವು.

ಹಿಂದಿನಿಂದ ತಂದೆ ಕಿರುಗುಟ್ಟುವ ಬ್ರೇಕಿನೊಡನೆ ನಿಧಾನವಾಗಿ ಬಂದರು.

"ಯಾಕ್ಲಾ ಮಗ, ಏನಾಯ್ತು?"

"ಹಿಂದ್ಗಡೆ ಬ್ರೇಕು ಹಿಡೀಲಿಲ್ಲ ಕಣಪ್ಪ. ನಿನ್ನೆ ಸಂಜೆಯಿಂದ್ಲೇ ಮೆತ್ತಗಿತ್ತು."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಸರಿಹೋಗುತ್ತೆ ಅಂದ್ಕೊಂಡೆ."

ತಂದೆ ಬೈಯಲಿಲ್ಲ. ಮೊಣಕಾಲಿಗೆ ನೀರು ಹಾಕಿ, ಮರದ ನೆರಳಲ್ಲಿ ಕುಳಿತು, ಲಿವರನ್ನು ಒತ್ತಿ ಒತ್ತಿ ನೋಡಿದರು. ಕಾರ್ಖಾನೆಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅವರು ಇದೇ ಕಾಯಿಲೆ ನೋಡಿದ್ದರು.

"ಎಣ್ಣೇನ ಅಮುಕೋಕೆ ಆಗಲ್ಲ, ಗಾಳೀನ ಅಮುಕಬಹುದು. ಒಳಗೆ ಗಾಳಿ ಸೇರ್ಕೊಂಡಿದೆ ಕಣೋ."

ಅವರು ಹೇಳಿದ್ದನ್ನು ಅಂಕಿಯಲ್ಲಿ ಹೀಗೆ ಹೇಳಬಹುದು. ಲಿವರ್ ಪೂರ್ತಿ ಒತ್ತಿದರೂ ಕೊಳವೆಯೊಳಗೆ ಹೋಗುವ ಎಣ್ಣೆ ಒಂದು ಘನ ಸೆಂಟಿಮೀಟರಿನಷ್ಟೂ ಇಲ್ಲ. ಅದರೊಳಗೆ ಒಂದು ಕಡಲೆಕಾಳಿನಷ್ಟು ಗಾಳಿ ಸೇರಿದರೆ, ಒತ್ತಡ ಇಪ್ಪತ್ತು ಪಟ್ಟಾದಾಗ ಗಾಳಿಯ ಗಾತ್ರ ಇಪ್ಪತ್ತರಲ್ಲಿ ಒಂದಾಗುತ್ತದೆ, ಬಾಯ್ಲ್‌ನ ನಿಯಮ. ಬೆರಳಿನ ಚಲನೆಯ ಬಹುಪಾಲು ಗಾಳಿಯನ್ನು ಹಿಂಡುವುದಕ್ಕೇ ಹೋಗುತ್ತದೆ; ಪ್ಯಾಡಿಗೆ ಏನೂ ತಲುಪುವುದಿಲ್ಲ.

ಕಾಯಿಲೆ ಹೇಳಿಕೊಳ್ಳದ ಬ್ರೇಕು

ಅಪಾಯದ ಬೇರು ಇನ್ನೂ ಆಳದಲ್ಲಿದೆ. ಕಂಬಿಯ ಬ್ರೇಕಾಗಲಿ ತಂತಿಯ ಬ್ರೇಕಾಗಲಿ ಕೆಡುವ ಮೊದಲು ಹೇಳಿಕೊಳ್ಳುತ್ತದೆ. ರಬ್ಬರು ಸವೆದರೆ ಕಣ್ಣಿಗೆ ಕಾಣುತ್ತದೆ, ಲಿವರ್ ದಿನದಿನಕ್ಕೆ ಹ್ಯಾಂಡಲಿಗೆ ಹತ್ತಿರ ಬರುತ್ತದೆ, ತಂತಿಯ ಒಂದೊಂದು ಎಳೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತದೆ. ಎಣ್ಣೆಯ ಬ್ರೇಕು ಪ್ಯಾಡು ಸವೆದಷ್ಟೂ ಪಿಸ್ಟನ್ನನ್ನು ತಾನೇ ಮುಂದೆ ತಳ್ಳಿ ಅಂತರ ಸರಿಮಾಡಿಕೊಳ್ಳುತ್ತದೆ. ಅದು ಅದರ ಗುಣವೆಂದೇ ಮಾರಾಟವಾಗುತ್ತದೆ. ಆದ್ದರಿಂದ ಪ್ಯಾಡು ಪೂರ್ತಿ ಸವೆದು ಕಬ್ಬಿಣ ಕಾಣುವವರೆಗೂ ಕೈಗೆ ವ್ಯತ್ಯಾಸ ತಿಳಿಯದೆ ಹೋಗಬಹುದು. ಗುಣವೇ ಇಲ್ಲಿ ದೋಷವನ್ನು ಮುಚ್ಚಿಡುತ್ತದೆ.

ಎಣ್ಣೆಯಲ್ಲೂ ಎರಡು ಜಾತಿ. ಕೆಲವು ಬ್ರೇಕಿಗೆ ಮೋಟಾರು ಬೈಕಿನಲ್ಲಿ ಬಳಸುವಂಥ ಡಾಟ್ ದ್ರವ, ಕೆಲವಕ್ಕೆ ಖನಿಜ ತೈಲ. ಡಾಟ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ 155ಕ್ಕೆ ಇಳಿದರೂ ನಿಯಮ ಒಪ್ಪುತ್ತದೆ. ಖನಿಜ ತೈಲ ನೀರು ಹೀರುವುದಿಲ್ಲ. ಆದರೆ ಒಳಗೆ ಹೊಕ್ಕ ನೀರು ಬೇರೆಯಾಗಿ ಬುಡದಲ್ಲಿ, ಅಂದರೆ ಕಾಯುವ ಜಾಗದಲ್ಲೇ, ನಿಲ್ಲುತ್ತದೆ. ಎರಡರಲ್ಲೂ ಉದ್ದನೆಯ ಇಳಿಜಾರಿನಲ್ಲಿ ನೀರು ಆವಿಯಾದರೆ ಮತ್ತೆ ಅದೇ ಗುಳ್ಳೆ, ಅದೇ ಮೆತ್ತನೆಯ ಲಿವರ್.

ದೋಷ ಬ್ರೇಕಿನೊಳಗೇ ಇರಬೇಕೆಂದಿಲ್ಲ. ಮುಂದಿನ ಚಕ್ರವನ್ನು ಬಿಗಿಯುವ ಹಿಡಿಯೊಂದು ಸಡಿಲವಾಗಿ ತೀರಾ ಅಗಲವಾಗಿ ತೆರೆದುಕೊಂಡರೆ ಬ್ರೇಕಿನ ತಟ್ಟೆಗೆ ಸಿಕ್ಕಿಕೊಳ್ಳಬಹುದು ಎಂದು 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ಲುಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಸಿತು. ಅದಕ್ಕೆ ಮೊದಲು ವರದಿಯಾದ ಅಪಘಾತಗಳು ಮೂರೇ. ಆದರೆ ಅವುಗಳಲ್ಲಿ ಒಬ್ಬರ ಕೈಕಾಲುಗಳ ಸ್ವಾಧೀನವೇ ಹೋಗಿತ್ತು. ಬ್ರೇಕು ಹಿಡಿದಾಗ ಹುಟ್ಟುವ ಬಲವೇ ಮುಂದಿನ ಚಕ್ರವನ್ನು ಅದರ ಕಚ್ಚಿನಿಂದ ಹೊರದಬ್ಬಲು ನೋಡುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಅನ್ನನ್ 2003ರಲ್ಲಿ ತೋರಿಸಿಕೊಟ್ಟಿದ್ದರು. ಇಂದು ಒಳ್ಳೆಯ ಬೆಟ್ಟದ ಸೈಕಲ್ಲುಗಳಲ್ಲಿ ಕಚ್ಚಿನ ಬದಲು ಮುಚ್ಚಿದ ತೂತಿನ ಮೂಲಕ ಅಚ್ಚು ಹಾಯುವುದು ಇಂಥ ಪಾಠಗಳಿಂದಲೇ.

ನಾಗಮಂಗಲದ ಎರಕ

ಜಕ್ಕನಹಳ್ಳಿಯವರೆಗೆ ಸೈಕಲ್ಲು ತಳ್ಳಿಕೊಂಡು ಬಂದು, ಅಲ್ಲಿಂದ ಎರಡನ್ನೂ ಗೂಡ್ಸ್ ಆಟೋಗೆ ಹಾಕಿ ನಾಗಮಂಗಲಕ್ಕೆ ಹೋದರು. ಬೈಕ್ ಗ್ಯಾರೇಜಿನ ಹುಡುಗ ಉತ್ಸಾಹದಿಂದ ಬ್ರೇಕ್ ಆಯಿಲ್ ಡಬ್ಬಿ ತೆಗೆದ. ತಂದೆ ಕನ್ನಡಕ ಹಾಕಿಕೊಂಡು ಲಿವರಿನ ಮೇಲಿನ ಪುಟ್ಟ ಅಕ್ಷರ ಓದಿದರು. ಖನಿಜ ತೈಲ ಎಂದಿತ್ತು. ಡಬ್ಬಿಯ ಮೇಲೆ ಡಾಟ್ ಎಂದಿತ್ತು. ಹಾಕಿದ್ದರೆ ಆ ದಿನ ಬ್ರೇಕು ಸರಿಹೋದಂತೆ ಕಂಡು, ಸ್ವಲ್ಪ ದಿನದಲ್ಲೇ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತಿದ್ದವು. "ಬೇಡಪ್ಪ, ಇದು ಬೇರೆ ಎಣ್ಣೇದು" ಎಂದರು. ಗ್ಯಾರೇಜಿನ ಹುಡುಗನೂ ಬಗ್ಗಿ ಓದಿ, ತಲೆಯಾಡಿಸಿ ಮುಚ್ಚಳ ಹಾಕಿದ.

ಸೌಮ್ಯಕೇಶವ ದೇವಾಲಯ ನೋಡಿ ಬರುವಾಗ ತಂದೆ ಹಳೆಯ ಪರಿಚಯದ ಎರಕದವರೊಬ್ಬರ ಮನೆಗೆ ಕರೆದೊಯ್ದರು. ನಾಗಮಂಗಲ ಲೋಹದ ವಿಗ್ರಹ, ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಅಚ್ಚಿನ ಮಣ್ಣಿನಲ್ಲಿ ಲೋಹ ಹುಯ್ಯಲು ಒಂದು ದಾರಿಯಿದ್ದರೆ, ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳು. ಅವೇಕೆ ಎಂದು ಹುಡುಗ ಕೇಳಿದ.

"ಗಾಳಿ ಹೋಗೋಕೆ ದಾರಿ ಬಿಡ್ಬೇಕಲ್ಲಪ್ಪ. ಇಲ್ದೇ ಇದ್ರೆ ಒಳಗೇ ಕೂತ್ಕೊಳ್ಳುತ್ತೆ. ಮೇಲ್ಗಡೆಯಿಂದ ವಿಗ್ರಹ ಚೆಂದವೇ ಕಾಣುತ್ತೆ, ಒಳಗೆ ಟೊಳ್ಳು."

ಹುಡುಗ ತಂದೆಯ ಮುಖ ನೋಡಿದ. ಇಬ್ಬರೂ ನಕ್ಕರು.

ಮುಂದಿನ ವಾರ ಮೈಸೂರಿನ ಸೈಕಲ್ ಅಂಗಡಿಯಲ್ಲಿ, ಸರಿಯಾದ ಎಣ್ಣೆಯಿಂದ, ಗುಳ್ಳೆಗಳೆಲ್ಲ ಹೊರಬರುವವರೆಗೆ ಹಿಂದಿನ ಬ್ರೇಕಿನ ಗಾಳಿ ತೆಗೆಸಿದ್ದಾಯಿತು. ಮುಂದಿನದಕ್ಕೆ ಹೊಸ ಪ್ಯಾಡು ಹಾಕಿಸಿದರು. ಲಿವರ್ ಮತ್ತೆ ಕಲ್ಲಿನಂತೆ ಗಟ್ಟಿಯಾಯಿತು.

2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಯಾವ ಅಂಗಡಿಯಲ್ಲೂ ಅವು ರಿಪೇರಿಯಾಗುತ್ತಿದ್ದವು. ಇಂದು ತಂದೆ ತಾಯಿ ಮಕ್ಕಳ ಆಸೆಗೆ ಕೊಡಿಸುವ ಎಣ್ಣೆ ಬ್ರೇಕಿನ ಸೈಕಲ್ಲಿಗೆ ಆ ಸೌಕರ್ಯ ಎಲ್ಲ ಊರಲ್ಲೂ ಇಲ್ಲ. ಕೊಳ್ಳುವ ಮೊದಲು ಅದರ ಎಣ್ಣೆ ಯಾವುದು, ಪ್ಯಾಡು ಎಲ್ಲಿ ಸಿಗುತ್ತದೆ, ಗಾಳಿ ತೆಗೆಯಬಲ್ಲವರು ಎಷ್ಟು ದೂರದಲ್ಲಿದ್ದಾರೆ ಎಂದು ಕೇಳುವುದು ಬಣ್ಣ ಆರಿಸುವುದಕ್ಕಿಂತ ಮುಖ್ಯ. ಮಕ್ಕಳಿಗೆ ಹೇಳಿಕೊಡಬೇಕಾದದ್ದೂ ಹೆಚ್ಚಿಲ್ಲ. ಹತ್ತುವ ಮೊದಲು ಎರಡೂ ಲಿವರ್ ಒತ್ತಿ ನೋಡಬೇಕು. ಹ್ಯಾಂಡಲಿಗೆ ತಾಗುವಂತಿದ್ದರೆ ಹೊರಡಬಾರದು. ತಿಂಗಳಿಗೊಮ್ಮೆ ಪ್ಯಾಡು ನೋಡಬೇಕು. ಚಕ್ರ ಬಿಚ್ಚಿದ್ದಾಗ ಲಿವರ್ ಮುಟ್ಟಬಾರದು; ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಇಟ್ಟರೆ ಇನ್ನೂ ಒಳ್ಳೆಯದು. ಸೈಕಲ್ಲು ತಲೆಕೆಳಗು ಮಾಡಿದ್ದರೆ, ನೆಟ್ಟಗೆ ನಿಲ್ಲಿಸಿ ಲಿವರನ್ನು ಹಲವು ಸಲ ಒತ್ತಿ, ಗಟ್ಟಿಯಾಗಿದೆಯೇ ಎಂದು ನೋಡಿಯೇ ಹೊರಡಬೇಕು. ಇಳಿಜಾರಿನಲ್ಲಿ ಒಂದೇ ಬ್ರೇಕನ್ನು ಒಂದೇ ಸಮನೆ ಹಿಡಿಯದೆ, ಎರಡನ್ನೂ ಬಳಸಿ, ಹಿಡಿದು ಬಿಟ್ಟು ಇಳಿಯಬೇಕು. ಬಿಟ್ಟ ಹೊತ್ತಿನಲ್ಲಿ ತಟ್ಟೆ ತಣಿಯುತ್ತದೆ. ಇಳಿದ ಕೂಡಲೇ ತಟ್ಟೆಯನ್ನು ಕೈಯಿಂದ ಮುಟ್ಟಬಾರದು. ಬ್ರೇಕು ಮೆತ್ತಗಾದರೆ ಮನೆಯಲ್ಲಿ ಹೇಳಬೇಕು.

ಕರಿಘಟ್ಟದ ಮೇಲೆ ಈಗಲೂ ಕೆಲವು ಭಾನುವಾರ ಆ ಎರಡು ಸೈಕಲ್ಲುಗಳು ಕಾಣಸಿಗುತ್ತವೆ. ಕಪ್ಪು ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರು ಬಂದಿದೆ. ಹುಡುಗ ಇಳಿಯುವ ಮೊದಲು ಒಂದು ಗಳಿಗೆ ನಿಂತು ಎರಡು ಲಿವರನ್ನೂ ಒತ್ತುತ್ತಾನೆ, ಮುಂದಿನ ಚಕ್ರದ ಹಿಡಿಯನ್ನು ಮುಟ್ಟಿ ನೋಡುತ್ತಾನೆ. ಆಮೇಲೆ ತಂದೆಯನ್ನು ಕೇಳುತ್ತಾನೆ: "ಅಪ್ಪ, ನಿನ್ ಬ್ರೇಕು ನೋಡ್ಕೊಂಡ್ಯಾ?"